ಕೆರೆಯಂಚಿನ ಕಲ್ಲು ಕೀಳಹೊರಟವರಿಗೆ

ಬಂಕನಹಾಳ, ಕೆರೆಯ ಮೇಲಣ ಓಣಿ
ಫೆಬ್ರವರಿ ಮೂವತ್ತು, ಕ್ರಿ.ಶ. ಎರಡು ಸಾವಿರದ ಇನ್ನೂರ ತೊಂಬತ್ತೊಂದು

ಬಂಕನಹಾಳ ಪಟ್ಟಣ ಸಭೆಯ ಸದಸ್ಯರಿಗೆ, ಎಂಜಿನಿಯರರಿಗೆ, ಹಳೆಯ ಕಲ್ಲುಗಳ ಮೇಲಿನ ಪ್ರೀತಿಯಿಂದ ಆ ಸಭೆಗೆ ಬಂದು ಕೂತ ಹಿರಿಯರಿಗೆ ಗಂಗಿಮಾಳವ್ವನ ಶರಣು.

ತಾರೀಖು ನೋಡಿ ಯಾರೋ ತಮಾಷೆ ಮಾಡುತ್ತಿದ್ದಾರೆ ಎಂದುಕೊಳ್ಳಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಉಳಿದ ದಿನಗಳನ್ನು ವರ್ಷದ ಕೊನೆಗೆ ಬಾವಿ, ಕಾಲುವೆಗಳ ಹೂಳು ತೆಗೆಯುವುದಕ್ಕೆ ಇಟ್ಟುಕೊಂಡಿದ್ದೇವೆ. ನನ್ನ ಮಾತುಗಳಲ್ಲಿ ಕೆಲವು ನಿಮ್ಮ ಕಿವಿಗೆ ಒಗ್ಗಲಿಕ್ಕಿಲ್ಲ, ಅದಕ್ಕೆ ಕ್ಷಮೆ ಇರಲಿ. ನಿಮ್ಮ ಮಾತುಗಳೂ ನಮಗೆ ಅಷ್ಟು ಸುಲಭವಲ್ಲ. 'ಬಡಾವಣೆ' ಎಂದರೆ ಏನೆಂದು ನನಗೆ ಸರಿಯಾಗಿ ಅರ್ಥವಾದದ್ದೇ ಈ ವಾರ. ಅರ್ಥವಾದ ಮೇಲೆ, ಆಗದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ಇದು ಹಿಂದೋಲೆ. ನಮ್ಮ ಊರಿನಲ್ಲಿ ನೆಲದ ಬಗ್ಗೆ ದೊಡ್ಡ ತೀರ್ಪು ಹೇಳುವವರು ಮೊದಲು ಆ ತೀರ್ಪಿಗೆ ಕಾರಣರಾದ ಹಿಂದಿನವರಿಗೆ ಒಂದು ಪತ್ರ ಬರೆದು ಸಭೆಯಲ್ಲಿ ಓದಬೇಕು. ಆಮೇಲೆ ಅದನ್ನು ಗಡಿಗೆಯಲ್ಲಿಟ್ಟು ಕೆರೆಯ ಏರಿಯಲ್ಲಿ ಹುಗಿಯುತ್ತೇವೆ. ನಿಮಗೆ ತಲುಪುತ್ತದೆ ಎಂಬ ಭ್ರಮೆ ನಮಗಿಲ್ಲ. ಮುಂದೊಂದು ದಿನ ನಮಗೂ ಯಾರಾದರೂ ಹೀಗೆ ಬರೆಯುತ್ತಾರೆ ಎಂಬ ಅಂಜಿಕೆ ಇರಲಿ ಎಂದು ಈ ಪದ್ಧತಿ ಇಟ್ಟರು. ಹಳೆಯ ಹಿಂದೋಲೆಗಳಲ್ಲಿ ಬೈಗುಳವೇ ಹೆಚ್ಚು. ನನ್ನ ಅಜ್ಜಿಯ ಕಾಲದಲ್ಲಿ ಒಬ್ಬಾತ ಪ್ಲಾಸ್ಟಿಕ್ಕಿನ ವಿಷಯಕ್ಕೆ ನಿಮ್ಮ ವಂಶವನ್ನೆಲ್ಲ ಜಾಲಾಡಿದ್ದನ್ನು ಜನ ಇನ್ನೂ ನೆನೆದು ನಗುತ್ತಾರೆ. ನನಗೆ ಬೈಯುವಷ್ಟು ಹೊತ್ತಿಲ್ಲ. ಮಧ್ಯಾಹ್ನಕ್ಕೆ ಸಭೆ ಸೇರುತ್ತದೆ, ಅಷ್ಟರೊಳಗೆ ಇದನ್ನು ಮುಗಿಸಬೇಕು. ಇದೊಂದು ಪತ್ರವಾದರೂ ನಿಜಕ್ಕೂ ನಿಮ್ಮ ಕೈ ಸೇರಲಿ ಎಂದು ಹರಕೆ ಹೊತ್ತು ಬರೆಯುತ್ತಿದ್ದೇನೆ.

ನಾನು ಈ ಊರಿನ ನೆಲಸಾಕ್ಷಿ. ಯಾರಾದರೂ ಹೊಸ ಗೋಡೆ ಎಬ್ಬಿಸಬೇಕೆಂದರೆ, ಗುಂಡಿ ತೋಡಬೇಕೆಂದರೆ ಮೊದಲು ನಾನು ಆ ಜಾಗದಲ್ಲಿ ಹೋಗಿ ಕೂರಬೇಕು. ಒಂದು ಬೇಸಿಗೆ, ಒಂದು ಮಳೆ, ಒಂದು ಚಳಿ ಕಳೆಯುವ ತನಕ ಬಿಡುವಾದಾಗಲೆಲ್ಲ ಅಲ್ಲಿ ಕೂತು, ಯಾವ ಹಕ್ಕಿ ಬಂತು, ಯಾವ ಹುಲ್ಲು ಹುಟ್ಟಿತು, ನೀರು ಯಾವ ಕಡೆ ಹರಿಯಿತು ಎಂದು ನೋಡಿ, ಕಟ್ಟಬಹುದು ಅಥವಾ ಬೇಡ ಎಂದು ಹೇಳಬೇಕು. ಮನೆ ಕಟ್ಟುವ ಆತುರದಲ್ಲಿರುವ ಹೊಸ ಮದುಮಕ್ಕಳು ನನಗೆ ಹಾಕುವ ಶಾಪಕ್ಕೆ ಲೆಕ್ಕವಿಲ್ಲ. ಆದರೂ ಎರಡು ಮನೆಗಳ ನಡುವೆ ತೋಳ ಹಾದುಹೋಗುವಷ್ಟು ಸಂದು ಬಿಡುವುದು ನಮ್ಮ ಮಕ್ಕಳಿಗೂ ಗೊತ್ತು. ಗೋಡೆಗಳ ಒಳಗೆ ಬಾಯಿ ತೆರೆದ ಮಡಕೆಗಳನ್ನು ಮಲಗಿಸಿ ಕಟ್ಟುತ್ತೇವೆ. ಅದಕ್ಕೆ ಉಸಿರುಗೋಡೆ ಎನ್ನುತ್ತೇವೆ. ಉರಿಬಿಸಿಲಿನಲ್ಲಿ ಮನೆ ತಂಪಾಗಿರುತ್ತದೆ, ಒಂದಷ್ಟು ಮಡಕೆಗಳಲ್ಲಿ ಗುಬ್ಬಿ ಸಂಸಾರ ಹೂಡುತ್ತದೆ. ಬೆಳಗಿನ ಜಾವ ಹೊಲದ ಕೆಲಸ, ಬಿಸಿಲೇರಿದರೆ ನೆಲಮಾಳಿಗೆಯಲ್ಲಿ ನಿದ್ದೆ, ಇಳಿಹೊತ್ತಿಗೆ ರೊಟ್ಟಿ ಬಡಿಯುವ ಸದ್ದು. ಹೀಗೇ ಬದುಕು. ಕಷ್ಟದ್ದೇ, ಆದರೆ ನಮಗೆ ಸಾಕಾಗಿತ್ತು.

ಈ ಬದುಕಿಗೆ ಆಧಾರ ಏಳು ಕಲ್ಲು. ನಿಮ್ಮ ನಗರಗಳೆಲ್ಲ ಖಾಲಿಯಾಗಿ ಜನ ದಿಕ್ಕಾಪಾಲಾದ ಕಾಲವನ್ನು ನಾವು ಚದುರಿಕೆ ಎನ್ನುತ್ತೇವೆ. ಚದುರಿಕೆಯ ಮೇಲೆ ನಮ್ಮ ಹಿರಿಯರು ನೀರು ಹುಡುಕುತ್ತ ಇಲ್ಲಿಗೆ ಬಂದಾಗ ಊರಿರಲಿಲ್ಲ. ಕೆರೆ ಒಣಗಿ ಬಿರಿದಿತ್ತು. ಆದರೆ ಕೆರೆಯಂಗಳದ ಅಂಚಿನಲ್ಲಿ ಏಳು ಕಲ್ಲು ಸಾಲಾಗಿ ನಿಂತಿದ್ದವು. ಪ್ರತಿಯೊಂದರ ನೆತ್ತಿಯಲ್ಲಿ ಸೂರ್ಯ ಚಂದ್ರ, ನಡುವೆ ಹೆಬ್ಬಾತುಗಳ ಸಾಲು, ಕೆಳಗೆ ಹಳಗನ್ನಡದ ಒಂದೇ ಮಾತು: 'ಈ ಕಲ್ಲಿಂ ಕೆಳಗು ನೀರದು, ಮೇಗು ಊರದು.' ಪಕ್ಕದಲ್ಲಿ ನೀವು ನಿಲ್ಲಿಸಿದ ಕರಿಯ ಫಲಕ. ಬಂಕನಹಾಳ ಬಡಾವಣೆಯ ಅಭಿವೃದ್ಧಿಯ ವೇಳೆ ಈ ಪುರಾತನ ಕಲ್ಲುಗಳನ್ನೂ ಹಕ್ಕಿಗಳ ನೆಲೆಯನ್ನೂ ಪಟ್ಟಣ ಸಭೆಯ ಉಪವಿಧಿಯ ಪ್ರಕಾರ ಸಂರಕ್ಷಿಸಲಾಗಿದೆ ಎಂದು ಅದರಲ್ಲಿ ಕೆತ್ತಿದೆ. ಅದರ ಕೆಳಗೆ ಉದ್ಘಾಟಕರು, ಅಧ್ಯಕ್ಷತೆ, ಘನ ಉಪಸ್ಥಿತಿ ಎಂದು ಸಾಲು ಸಾಲು ಹೆಸರು. ನಮ್ಮ ಮುತ್ತಜ್ಜಂದಿರು ಘನ ಉಪಸ್ಥಿತಿ ಎಂಬವನು ಯಾರೋ ಮಹಾರಾಜ ಎಂದೇ ನಂಬಿದ್ದರು. ನಗಬೇಡಿ. ಆ ಮಹಾರಾಜನ ಆಜ್ಞೆಯನ್ನು ಅವರು ನಿಮಗಿಂತ ಚೆನ್ನಾಗಿ ಪಾಲಿಸಿದರು. ಕಲ್ಲಿನಿಂದ ಕೆಳಗೆ ಒಂದು ಗುಡಿಸಲನ್ನೂ ಹಾಕಲಿಲ್ಲ. ಕಲ್ಲಿನಿಂದ ಮೇಲೆ ಊರು ಕಟ್ಟಿದರು. ಊರಿನ ಮೇಲಿನ ಅಂಚಿನಿಂದಾಚೆಗೆಲ್ಲ ಹುಲ್ಲುಸೀಮೆ ಎಂದು ಬಿಟ್ಟರು. ಅದು ತೋಳ, ಚಿಗರಿ ಜಿಂಕೆಗಳದ್ದು, ಅಲ್ಲಿ ಮನುಷ್ಯರು ಒಲೆ ಹೂಡುವಂತಿಲ್ಲ. ನೀರಿಗೂ ಹುಲ್ಲಿಗೂ ನಡುವೆ ನಮ್ಮದು ಒಂದು ಪಟ್ಟಿ ನೆಲ.

ಈಗ ಮಳೆ. ಫೆಬ್ರವರಿಯಲ್ಲಿ ಮಳೆಯೇ ಎಂದು ಹುಬ್ಬೇರಿಸಬೇಡಿ, ಅದಕ್ಕೆ ತಿಂಗಳ ಹಂಗು ತಪ್ಪಿ ಬಹಳ ಕಾಲವಾಯಿತು. ನನ್ನ ಬಾಲ್ಯದಲ್ಲಿ ಕೆರೆಯಂಗಳದಲ್ಲಿ ಜೋಳ ಬಿತ್ತುತ್ತಿದ್ದೆವು. ಈಚಿನ ವರ್ಷಗಳಲ್ಲಿ ಕೆರೆ ತುಂಬತೊಡಗಿತು. ಪಟ್ಟೆತಲೆ ಹೆಬ್ಬಾತುಗಳು ಉತ್ತರದಿಂದ ಹಿಂಡು ಹಿಂಡಾಗಿ ಬಂದಿಳಿದಾಗ, ಕಲ್ಲಿನಲ್ಲಿ ಮಾತ್ರ ನೋಡಿದ್ದ ಹಕ್ಕಿಯನ್ನು ಕಣ್ಣಾರೆ ಕಂಡು ಊರವರು ಅತ್ತೇಬಿಟ್ಟರು. ಈ ವರ್ಷ ನೀರು ಕಲ್ಲಿನ ಬುಡಕ್ಕೆ ಬಂತು. ಯಾರೂ ಹೆದರಲಿಲ್ಲ. ಕಲ್ಲೇ ಹೇಳಿದೆಯಲ್ಲ, ಇಲ್ಲಿಂದ ಕೆಳಗೆ ನೀರಿನದು, ಮೇಲೆ ನಮ್ಮದು. ಜನ ಅರಿಸಿನ ಕುಂಕುಮ ಹಿಡಿದು ಗಂಗೆಗೆ ಬಾಗಿನ ಕೊಡಲು ಹೋದರು. ಹೋದ ವಾರ ಮೂರನೆಯ ಕಲ್ಲು ವಾಲಿತು. ಅದನ್ನು ನೆಟ್ಟಗೆ ಮಾಡಲು ಬುಡದ ಕೆಸರು ಬಗೆದಾಗ ಕೈಗೆ ಸಿಕ್ಕಿದ್ದು ಸಿಮೆಂಟು. ಸಿಮೆಂಟಿನ ಕೆಳಗೆ, ಮುದುಡಿ, ಆದರೆ ಬಣ್ಣ ಮಾಸದೆ, ನಿಮ್ಮ ಕಾಲದ ಒಂದು ಗುಟ್ಕಾ ಪೊಟ್ಟಣ.

ಸಾವಿರ ವರ್ಷದ ಕಲ್ಲಿನ ಕೆಳಗೆ ಗುಟ್ಕಾ ಪೊಟ್ಟಣ ಹೇಗೆ ಬರುತ್ತದೆ ಎಂದು ಅಲ್ಲಿದ್ದ ಯಾರೂ ಕೇಳಲಿಲ್ಲ. ಎಲ್ಲರೂ ನನ್ನ ಮುಖ ನೋಡಿದರು. ಸಭೆಯ ಹಿರಿಯ ಮೌಲಾಸಾಬ ಕಾಕಾ ಮಾತ್ರ ಧೈರ್ಯ ತಂದುಕೊಂಡು, "ಗಂಗವ್ವಾ, ಹಿಂದಕ ಕಲ್ಲ ಸಡ್ಲಾಗಿತ್ತು, ಯಾರೋ ಪುಣ್ಯಾತ್ಮರು ಸಿಮಿಟ್ ಹಾಕಿ ನಿಂದರ್ಸ್ಯಾರ. ಅಷ್ಟಕ್ಕ ನೀ ಯಾಕ ಮಾರಿ ಸಣ್ಣ ಮಾಡ್ತಿ?" ಅಂದರು. ನಾನೂ ಹಾಗೇ ನಂಬಬೇಕೆಂದುಕೊಂಡೆ. ನಂಬಿದ್ದರೆ ಎಷ್ಟು ಸುಖವಾಗಿತ್ತು! ಆದರೆ ಪಕ್ಕದ ಕಲ್ಲಿನ ಕೆಳಗೂ ಅದೇ ಸಿಮೆಂಟು, ಅದರ ಪಕ್ಕದ್ದಕ್ಕೂ ಅದೇ. ಏಳೂ ಕಲ್ಲಿಗೆ ಒಂದೇ ಉದ್ದನೆಯ ಹಾಸು. ಆಗ ನಾನು ಹಿಂದೆ ಸರಿದು ಸಾಲನ್ನು ನೋಡಿದೆ. ಶಾಲೆಯಲ್ಲಿ ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ ಕಲ್ಲುಗಳು ನೇರವಾಗಿ ನಿಂತಿದ್ದವು. ಯಾವ ಕೆರೆಯ ಅಂಚು ಗೆರೆ ಎಳೆದ ಹಾಗೆ ನೇರ ಇರುತ್ತದೆ? ದಿನ ಬೆಳಗಾದರೆ ಕೆರೆಯನ್ನೇ ನೋಡುತ್ತ ಬೆಳೆದ ನಮ್ಮಲ್ಲಿ ಒಬ್ಬರಿಗೂ ಈ ಪ್ರಶ್ನೆ ಹುಟ್ಟಿರಲಿಲ್ಲ. ಕಲ್ಲನ್ನು ಪೂಜಿಸಿದೆವೇ ಹೊರತು ನೋಡಲಿಲ್ಲ.

ಉಳಿದ ಅನುಮಾನವನ್ನು ಮಣ್ಣು ತೀರಿಸಿತು. ವಾಲಿದ ಕಲ್ಲಿನ ಸಿಮೆಂಟು ಒಡೆದಾಗ, ಕಲ್ಲಿನ ಬುಡದ ಸಂದುಗೊಂದುಗಳಲ್ಲಿ ಹಳೆಯ ಮಣ್ಣು ಮೆತ್ತಿಕೊಂಡಿತ್ತು, ಹಿಂದೆ ಅದನ್ನು ನೆಟ್ಟಿದ್ದ ಜಾಗದ ಮಣ್ಣು. ಕಾಕಾ ಅದನ್ನು ಉಗುರಿನಿಂದ ಕೆರೆದು ಅಂಗೈಯಲ್ಲಿ ಹಾಕಿಕೊಂಡು ಬೆಳಕಿಗೆ ಹಿಡಿದರು. ಕೆಂಪಗಿತ್ತು. "ಇದು ಮಸಾರಿ," ಅಂದರು. ಆಮೇಲೆ ಸುತ್ತಲಿನ ನೆಲವನ್ನೊಮ್ಮೆ ನೋಡಿ, "ನಮ್ಮ ಊರಾಗ ಮಸಾರಿ ಎಲ್ಲೈತಬೇ?" ಅಂದರು. ಇಲ್ಲ. ನಮ್ಮ ಊರು ನಿಂತಿರುವುದು ಪೂರಾ ಎರೆಯಲ್ಲಿ, ಕಪ್ಪು ಮಣ್ಣಿನಲ್ಲಿ. ಕೆಂಪು ನೆಲ ಶುರುವಾಗುವುದು ಕಟ್ಟಕಡೆಯ ಮನೆಯನ್ನೂ ದಾಟಿ, ಹುಲ್ಲುಸೀಮೆಯ ಏರಿನಲ್ಲಿ. ಅಂದರೆ ಕಲ್ಲುಗಳು ಮೊದಲು ನಿಂತಿದ್ದದ್ದು ನಮ್ಮೆಲ್ಲರ ಸೂರಿಗಿಂತ ಮೇಲೆ. ನಮ್ಮ ಓಣಿ, ಕಣ, ಮಸೀದಿ, ಗುಡಿ, ತೊಟ್ಟಿಲು ಎಲ್ಲವೂ ನೀರಿನ ಜಾಗದಲ್ಲಿವೆ. ನೀರು ಇಷ್ಟು ದಿನ ಬಂದಿರಲಿಲ್ಲ, ಅಷ್ಟೇ. ಈಗ ಬರುತ್ತಿದೆ.

ನೀವು ಕೆಟ್ಟವರೆಂದು ನಾನು ತಿಳಿದಿಲ್ಲ. ಕೆಟ್ಟವರಾಗಿದ್ದರೆ ಕಲ್ಲುಗಳನ್ನು ಒಡೆದು ಜಲ್ಲಿ ಮಾಡುತ್ತಿದ್ದಿರಿ. ಆಗ ನಮ್ಮ ಹಿರಿಯರು ಇಲ್ಲಿಗೆ ಬಂದಾಗ ಖಾಲಿ ನೆಲ ಸಿಗುತ್ತಿತ್ತು, ಅಂಜಿಕೊಂಡು ಎಲ್ಲೋ ಎತ್ತರದಲ್ಲಿ ಊರು ಕಟ್ಟುತ್ತಿದ್ದರು. ನಮ್ಮನ್ನು ಈ ಗತಿಗೆ ತಂದದ್ದು ನಿಮ್ಮ ಒಳ್ಳೆಯತನ. ನಿಮ್ಮ ಉಪವಿಧಿಯ ಪೂರ್ತಿ ಪಾಠ ನಮ್ಮಲ್ಲಿಲ್ಲ. ಆದರೆ ನಾನೂ ಕಟ್ಟಳೆ ಬರೆಯುವವಳೇ, ಅದರಲ್ಲಿ ಏನಿದ್ದಿರಬೇಕೆಂದು ಊಹಿಸಬಲ್ಲೆ. ಅಭಿವೃದ್ಧಿಯ ವೇಳೆ ಪುರಾತನ ವಸ್ತುಗಳನ್ನೂ ಪ್ರಾಣಿಪಕ್ಷಿಗಳ ನೆಲೆಯನ್ನೂ ಕಾಪಾಡತಕ್ಕದ್ದು ಎಂದು ಮೊದಲು ಗಟ್ಟಿಯಾಗಿ ಬರೆದಿರುತ್ತೀರಿ. ಆಮೇಲೆ ಸೈಟು ಮಾಡಿದವನು ಬಂದು ಕೂತಿರುತ್ತಾನೆ. ಕಲ್ಲು ಸರಿಯಾಗಿ ರಸ್ತೆಯ ನಡುವೆ ಬರುತ್ತದೆ ಎಂದು ಗೋಗರೆದಿರುತ್ತಾನೆ. ಯಾರಿಗೂ ಬೇಜಾರಾಗಬಾರದೆಂದು ಯಾರೋ ಒಬ್ಬರು ಕೊನೆಯಲ್ಲಿ 'ಅನಿವಾರ್ಯವಿದ್ದಲ್ಲಿ ಸೂಕ್ತ ಸ್ಥಳಕ್ಕೆ ಸ್ಥಳಾಂತರಿಸಬಹುದು' ಎಂದು ಒಂದು ಸಾಲು ಸೇರಿಸಿರುತ್ತಾರೆ. ಸಭೆ ನಿಟ್ಟುಸಿರು ಬಿಟ್ಟು ಚಹಾ ಕುಡಿದಿರುತ್ತದೆ. ಸೂಕ್ತ ಸ್ಥಳ ಯಾವುದು? ಮಾರಾಟವಾಗದ ಸ್ಥಳ. ಕೆರೆಯಂಗಳದ ತಗ್ಗು, ಜೌಗು, ಯಾರೂ ಮನೆ ಕಟ್ಟಲಾಗದ ಮೂಲೆ. ಅಲ್ಲೊಂದು ಉದ್ಯಾನ, ಅದರಲ್ಲಿ ಅಂದವಾಗಿ ಸಾಲು ಹಿಡಿದ ಏಳು ಕಲ್ಲು. ಹಕ್ಕಿಗಳ ಮೇವಿನ ದಂಡೆಗೆ ಬದಲಾಗಿ ಸಿಮೆಂಟಿನ ಒಂದು ಕೊಳ. ಅದರ ಚೂರುಗಳು ಇನ್ನೂ ಬಿದ್ದಿವೆ, ಯಾವ ಹಕ್ಕಿಯೂ ಅದರಲ್ಲಿ ಇಳಿದ ಗುರುತಿಲ್ಲ. ಕಲ್ಲು ಉಳಿಯಿತು ಎಂದು ನೀವು ಸಮಾಧಾನಪಟ್ಟಿರಿ. ಕಲ್ಲು ಉಳಿಯಿತು, ನಿಜ. ಅದು ತೋರಿಸುತ್ತಿದ್ದ ಗೆರೆ ಅಳಿಸಿಹೋಯಿತು.

ಇವೆಲ್ಲ ಗೊತ್ತಾದ ಮೇಲೆ ತೀರ್ಪು ಹೇಳಲು ತಡವೇಕೆ ಎಂದು ನೀವು ಕೇಳಬಹುದು. ಎರಡು ಕಾರಣಗಳಿವೆ. ಊರು ಮೇಲೇರಬೇಕೆಂದರೆ ಹುಲ್ಲುಸೀಮೆಗೇ ಹೋಗಬೇಕು. ಇದು ತೋಳಗಳು ಮರಿ ಹಾಕಿರುವ ಕಾಲ. ನಾವು ಮಕ್ಕಳುಮರಿ, ದನಕರು, ನಾಯಿಗಳ ಸಮೇತ ಆ ಬಿಲಗಳ ಮೇಲೆ ಹೋಗಿ ಇಳಿದರೆ ಅವು ಮರಿಗಳನ್ನು ಬಿಟ್ಟು ಓಡುತ್ತವೆ, ಇಲ್ಲವೇ ನಮ್ಮ ಮೇಲೆ ಬೀಳುತ್ತವೆ. ಆ ಸೀಮೆಯಲ್ಲಿ ಒಲೆ ಹೂಡುವಂತಿಲ್ಲ ಎಂಬ ಕಟ್ಟಳೆಯನ್ನು ಮುರಿಯುವ ಮೊದಲ ನೆಲಸಾಕ್ಷಿ ನಾನಾಗಬೇಕು. ಅದನ್ನಾದರೂ ಹೇಗೋ ಹೊಟ್ಟೆಗೆ ಹಾಕಿಕೊಂಡೇನು. ಎರಡನೆಯದು ಇನ್ನೂ ಕಠಿಣ. ನಮ್ಮ ಕೆರೆಯ ಕೆಳಗೆ ಇನ್ನೊಂದು ಕೆರೆ, ಅದರ ಕೆಳಗೆ ಮತ್ತೊಂದು. ಎಲ್ಲ ಊರುಗಳಲ್ಲೂ ಇಂಥ ಕಲ್ಲುಗಳಿವೆ, ಇದೇ ಮಾತು, ಇದೇ ನಂಬಿಕೆ. ಆ ಕಲ್ಲುಗಳ ಮಾತಿಗೆ ಕಟ್ಟುಬಿದ್ದು ಅವರು ಎಷ್ಟೇ ಇಕ್ಕಟ್ಟಾದರೂ ಕೆರೆಯಂಗಳದಲ್ಲಿ ಮನೆ ಕಟ್ಟದೆ ಬಿಟ್ಟಿದ್ದಾರೆ. ಇಂದು ನಾನು ಎದ್ದುನಿಂತು ನಮ್ಮ ಕಲ್ಲು ಸುಳ್ಳು ಎಂದರೆ, ನಾಳೆ ಯಾವ ಊರಿನ ಕಲ್ಲಿನ ಮಾತೂ ನಡೆಯುವುದಿಲ್ಲ. ಕೆರೆಯಂಗಳ ಒತ್ತಬೇಕೆಂದು ಕಾದವನಿಗೆ ನನ್ನ ಮಾತೊಂದೇ ಸಾಕು. ಹೇಳಿದರೆ ಕೆಳಗಿನ ಊರುಗಳಿಗೆ ಕೇಡು, ಹೇಳದಿದ್ದರೆ ನನ್ನ ಊರು ಮುಳುಗುತ್ತದೆ.

ನನ್ನ ಅತ್ತೆ ಫಕೀರವ್ವನಿಗೆ ನಿನ್ನೆ ಇದನ್ನೆಲ್ಲ ಹೇಳಿದೆ. ಕಲ್ಲುಗಳಿಗೆ ದಿನಾ ಎಣ್ಣೆ ಹಚ್ಚುವುದು ಅವಳ ಮನೆತನದ ಕೆಲಸ. ಮೊದಲು ಅವಳು ಒಪ್ಪಲಿಲ್ಲ. "ಕಲ್ಲ ಸುಳ್ಳ ಹೇಳಂಗಿಲ್ಲ, ಮಂದಿ ಹೇಳ್ತಾರ," ಅಂದಳು. ನಾನು ಕೆಂಪು ಮಣ್ಣನ್ನು ಅವಳ ಕೈಗಿಟ್ಟೆ. ಹುಟ್ಟಿದಾಗಿನಿಂದ ಹೊಲದಲ್ಲಿ ದುಡಿದ ಕೈ ಅದು, ಅದಕ್ಕೆ ಯಾರೂ ಮಣ್ಣಿನ ಪಾಠ ಹೇಳಬೇಕಿಲ್ಲ. ತಿಕ್ಕಿ ನೋಡಿದಳು, ಮೂಸಿದಳು, ಸೆರಗಿಗೆ ಒರೆಸಿಕೊಂಡಳು. "ಹಂಗಾರ ನಮ್ಮವ್ವ ಇಷ್ಟ ವರ್ಷ ಯಾವುದಕ್ಕ ಕೈ ಮುಗದ್ಲವಾ?" ಎಂದು ಕೇಳಿದಳು. ನಿಮ್ಮ ಮೇಲೆ ನನಗೆ ಸಿಟ್ಟು ಬಂದದ್ದು ಆಗಲೇ, ನಿಜವಾದ ಸಿಟ್ಟು.

ಇಲ್ಲಿಗೆ ನಿಲ್ಲಿಸುತ್ತೇನೆ. ಸಭೆಗೆ ಕರೆ ಬಂದಿದೆ.

ಮತ್ತೆ ಬರೆಯುತ್ತಿದ್ದೇನೆ. ಮೇಲಿನದನ್ನೆಲ್ಲ ಸಭೆಯಲ್ಲಿ ಓದಿದೆ. ಓದಿ ಮುಗಿಸಿದ ಮೇಲೆ ನೆಲಸಾಕ್ಷಿಯ ಕೋಲನ್ನು ನೆಲಕ್ಕಿಟ್ಟು, ನಮ್ಮ ಕಲ್ಲು ಮೊದಲಿದ್ದಲ್ಲಿ ಇಲ್ಲ, ಊರು ಮೇಲೇರಬೇಕು ಎಂದು ಹೇಳಿದೆ. ನೀರು ಆಗಲೇ ಕಲ್ಲಿನ ಹೆಬ್ಬಾತುಗಳನ್ನು ಮುಟ್ಟಿತ್ತು. ಜಗಳವಾಗುತ್ತದೆ ಎಂದುಕೊಂಡಿದ್ದೆ, ಯಾರೂ ಜಗಳವಾಡಲಿಲ್ಲ. ಮೌಲಾಸಾಬ ಕಾಕಾ ಮೊದಲು ಎದ್ದು, "ನಡೀರಿ, ಮುದುಕರನ್ನ, ಬಾಣಂತಿಯರನ್ನ ಮೊದಲ ಏರಿಸೋಣು. ನಾಯಿ ಕಟ್ಟಿ ಹಾಕ್ರಿ, ತೋಳದ ಮರಿ ಅದಾವ ಮ್ಯಾಲೆ," ಅಂದರು. ಜನ ಕೆಸರಿನಲ್ಲಿ ಕಾಲು ಕಿತ್ತಿಡುತ್ತ ಏರುತ್ತಿದ್ದಾರೆ. ತಲೆಯ ಮೇಲೆ ಬೀಜದ ಗಡಿಗೆ, ಕಂಕುಳಲ್ಲಿ ಕೂಸು. ನನ್ನನ್ನು ದಾಟಿ ಹೋಗುವಾಗ ಯಾರೂ ನನ್ನ ಮುಖ ನೋಡುವುದಿಲ್ಲ. ಅತ್ತೆ ಏರಿದಳು. ಏರುವ ಮೊದಲು ಹೋಗಿ ಏಳೂ ಕಲ್ಲಿಗೆ ಎಣ್ಣೆ ಹಚ್ಚಿ ಬಂದಳು.

ನಮ್ಮದು ಹೀಗಾಯಿತು. ಆದರೆ ನಿಮ್ಮ ಸಭೆ ಇನ್ನೂ ಮುಗಿದಿಲ್ಲ. ನೀವು ಈ ಪತ್ರ ಓದುತ್ತಿದ್ದೀರಿ ಎಂದರೆ ಏಳು ಕಲ್ಲುಗಳು ಇನ್ನೂ ಕೆಂಪು ಮಣ್ಣಿನಲ್ಲಿ, ಅಂಕುಡೊಂಕಾಗಿ, ಯಾರ ಸೈಟಿಗೋ ಅಡ್ಡವಾಗಿ ನಿಂತಿವೆ. ಹೆಬ್ಬಾತುಗಳು ಇನ್ನೂ ದಂಡೆಯ ಕಡಲೆ ಹೊಲಕ್ಕೆ ಇಳಿಯುತ್ತಿವೆ. ಉಪವಿಧಿಯಿಂದ 'ಸ್ಥಳಾಂತರಿಸಬಹುದು' ಎಂಬ ಆ ಒಂದು ಸಾಲನ್ನು ಹೊಡೆದುಹಾಕಿ. ಕಲ್ಲು ಇದ್ದಲ್ಲೇ ಇರಬೇಕು, ಹಕ್ಕಿಯ ನೆಲ ಹಕ್ಕಿ ಇಳಿಯುವಲ್ಲೇ ಇರಬೇಕು, ಸರಿಯಬೇಕಾದದ್ದು ರಸ್ತೆ ಎಂದು ಬರೆಯಿರಿ. ಕಟ್ಟುವವನಿಗೆ ನಷ್ಟವಾಗುತ್ತದೆ, ನಿಮ್ಮ ಮೇಲೆ ಸಿಟ್ಟಾಗುತ್ತಾನೆ, ಮುಂದಿನ ಚುನಾವಣೆಯಲ್ಲಿ ನಿಮ್ಮನ್ನು ಸೋಲಿಸಲೂಬಹುದು. ಆಗಲಿ. ನಿಮ್ಮ ಹೆಸರು ಯಾವ ಫಲಕದಲ್ಲೂ ಬರುವುದಿಲ್ಲ. ಅದೂ ಆಗಲಿ. ಕೀಳಲೇಬೇಕೆಂದು ಹಟ ಹಿಡಿದರೆ, ಮರ್ಯಾದೆಯಿಂದ ಇನ್ನೊಂದು ಕಡೆ ನೆಟ್ಟು ನಮಗೆ ಮೋಸ ಮಾಡಬೇಡಿ. ಅದಕ್ಕಿಂತ ಒಡೆದು ಜಲ್ಲಿಯನ್ನೇ ಮಾಡಿಬಿಡಿ. ಸುಳ್ಳು ಹೇಳುವ ಕಲ್ಲಿಗಿಂತ ಕಲ್ಲಿಲ್ಲದ ನೆಲವೇ ವಾಸಿ.

ಇದನ್ನು ಮುಗಿಸುವ ಹೊತ್ತಿಗೆ ಕೆಳಗಿನ ಕೆರೆಯ ಊರಾದ ಕೆಳಗಲಹಾಳದಿಂದ ದುರುಗವ್ವ ಎಂಬಾಕೆ ಓಡಿಬಂದು ನನ್ನ ಹೊಸ್ತಿಲಲ್ಲಿ ನಿಂತಿದ್ದಾಳೆ. ನನ್ನ ಹಾಗೆಯೇ ಅವಳೂ ತನ್ನ ಊರಿನ ನೆಲಸಾಕ್ಷಿ. ಸುದ್ದಿ ಅವಳನ್ನು ಮುಟ್ಟಿದೆ. ಮೊಣಕಾಲಿನ ತನಕ ಕೆಸರು, ಕೈಯಲ್ಲಿ ಹಾರೆ. "ಅಕ್ಕಾರ, ನಮ್ಮೂರ ಕಲ್ಲ ಖರೇದೋ, ಬ್ಯಾರೆ ಕಡಿಂದ ತಂದಿಟ್ಟದ್ದೋ? ಅಷ್ಟ ಹೇಳ್ರಿ. ಊರ ಮಂದಿ ಅರ್ಧ ಏರೂಣು ಅಂತಾರ, ಅರ್ಧ ಕಲ್ಲ ನಂಬಿ ಅದಕ್ಕ ಬೆನ್ನ ಹಚ್ಚಿ ಕುಂತಾರ," ಅನ್ನುತ್ತಾಳೆ. ಅವರ ಸೀಮೆಯಲ್ಲಿ ಮೇಲೂ ಕೆಳಗೂ ಎರೆಯೇ, ಮಣ್ಣು ಸಾಕ್ಷಿ ಹೇಳುವುದಿಲ್ಲ. ಬುಡದಲ್ಲಿ ಸಿಮೆಂಟು ಇದೆಯೋ ಇಲ್ಲವೋ ನೋಡಬೇಕೆಂದರೆ ಕಲ್ಲನ್ನು ಕೀಳಬೇಕು. ನೀರು ನಿಂತ ಎರೆಯಲ್ಲಿ ಒಮ್ಮೆ ಕಿತ್ತ ಕಲ್ಲನ್ನು ಮತ್ತೆ ಅದೇ ಜಾಗದಲ್ಲಿ ನಿಲ್ಲಿಸಲಾಗುವುದಿಲ್ಲ. ಅದು ಇಷ್ಟು ದಿನ ಖರೆಯೇ ಆಗಿದ್ದರೂ ನಾಳೆಯಿಂದ ನಮ್ಮದರ ಹಾಗೆಯೇ ಸುಳ್ಳು. ನಿಮ್ಮ ಉಪವಿಧಿ ಅವರ ಊರಿಗೂ ಹೋಗಿತ್ತೋ ಇಲ್ಲವೋ ನನಗೆ ತಿಳಿಯದು. ಅದು ನಿಮಗೆ ಮಾತ್ರ ಗೊತ್ತು. ಅವಳು ಹಾರೆಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸುತ್ತ ನನ್ನ ಬಾಯನ್ನೇ ನೋಡುತ್ತಿದ್ದಾಳೆ. ಅವಳಿಗೆ ನಾನು ಏನು ಹೇಳಲಿ?

ಗಂಗಿಮಾಳವ್ವ
ನೆಲಸಾಕ್ಷಿ, ಬಂಕನಹಾಳ